ಡೇಟಾ ಸೆಂಟರ್ ಊರಿಗೆ ಬಂದರೆ ಕರೆಂಟಿಗೆ, ನೀರಿಗೆ ಏನಾಗುತ್ತದೆ?

2025ರ ಆಗಸ್ಟ್‌ನಲ್ಲಿ ಎರಡು ಸುದ್ದಿಗಳು ಕೆಲವೇ ದಿನಗಳ ಅಂತರದಲ್ಲಿ ಬಂದವು. ಮೊದಲನೆಯದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ್ದು. ಮರುಭೂಮಿಯ ಊರು ಅದು. ಅಲ್ಲಿಗೆ ಬರಲಿದ್ದ ಭಾರಿ ಡೇಟಾ ಸೆಂಟರ್ ಯೋಜನೆಗೆ ನಗರಸಭೆಯ ಏಳಕ್ಕೆ ಏಳೂ ಸದಸ್ಯರು ಬೇಡ ಎಂದರು. ನೀರು ಎಲ್ಲಿಂದ ತರ್ತೀರಿ, ಕರೆಂಟ್ ಎಲ್ಲಿಂದ ತರ್ತೀರಿ ಎಂದು ಜನ ಅದಕ್ಕೂ ಮೊದಲೇ ಕೇಳತೊಡಗಿದ್ದರು. ಎರಡನೆಯ ಸುದ್ದಿ ಗೂಗಲ್‌ನದು. ತನ್ನ ಜೆಮಿನಿ ಎಐಗೆ ಒಂದು ಸಾಧಾರಣ ಪ್ರಶ್ನೆ ಹಾಕಿದರೆ 0.26 ಮಿಲಿಲೀಟರ್ ನೀರು, ಅಂದರೆ ಸುಮಾರು ಐದು ಹನಿ, ಖರ್ಚಾಗುತ್ತದೆ ಎಂದು ಅದು ಲೆಕ್ಕ ಕೊಟ್ಟಿತು. ಕರೆಂಟ್ 0.24 ವ್ಯಾಟ್-ಅವರ್ (1,000 ವ್ಯಾಟ್-ಅವರ್ ಅಂದರೆ ಒಂದು ಯೂನಿಟ್).

ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ಐದು ಹನಿ ನೀರಿಗೆ ಒಂದು ನಗರ ಇಷ್ಟು ಹೆದರಬೇಕಾ? ಜನ ಸುಮ್ನೆ ಗಾಬರಿ ಆಗಿದ್ದಾರಾ, ಇಲ್ಲ ಕಂಪನಿಗಳು ಲೆಕ್ಕ ಮುಚ್ಚಿಡುತ್ತಿವೆಯಾ?

ಎರಡು ಕಡೆಯ ಅಂಕಿಗಳೂ ಬಹುಮಟ್ಟಿಗೆ ಸರಿಯೇ. ಆದರೆ ಒಬ್ಬರು ಒಂದು ಪ್ರಶ್ನೆಯ ಲೆಕ್ಕ ಹೇಳುತ್ತಿದ್ದಾರೆ, ಇನ್ನೊಬ್ಬರು ಒಂದು ಊರಿನ ಲೆಕ್ಕ ಕೇಳುತ್ತಿದ್ದಾರೆ. ಜಗಳದ ಮುಕ್ಕಾಲು ಪಾಲು ಇರುವುದು ಇಲ್ಲೇ. ಅದನ್ನು ಬಿಡಿಸಿಕೊಳ್ಳಲು ಮೊದಲು ಆ ಕಟ್ಟಡದ ಒಳಗೆ ಹೋಗಬೇಕು.

ಒಂದು ಬೀರುವಿನಲ್ಲಿ 60 ಗೀಸರ್

ಡೇಟಾ ಸೆಂಟರ್ ಅಂದರೆ ಸರ್ವರ್‌ಗಳನ್ನು ಸಾಲುಸಾಲಾಗಿ ಜೋಡಿಸಿಟ್ಟ ದೊಡ್ಡ ಕಟ್ಟಡ. ಹೊರಗಿನಿಂದ ನೋಡಿದರೆ ಕಿಟಕಿಯಿಲ್ಲದ ಗೋದಾಮಿನ ಹಾಗೆ ಕಾಣುತ್ತದೆ. ನಾವು ಫೋನಿನಲ್ಲಿ ನೋಡುವ ವಿಡಿಯೊ, ಕಳಿಸುವ ಹಣ, ಉಳಿಸಿಟ್ಟ ಫೋಟೊ ಎಲ್ಲ ಇಂಥ ಯಾವುದೋ ಕಟ್ಟಡವನ್ನು ಹಾದೇ ಬರುತ್ತವೆ. ಈ ಕಟ್ಟಡಗಳೇನೂ ಹೊಸವಲ್ಲ. ಎಐ ಬಂದ ಮೇಲೆ ಇವುಗಳ ಹಸಿವು ಮಾತ್ರ ಹಿಂದಿನಂತಿಲ್ಲ.

ಸರ್ವರ್‌ಗಳನ್ನು ಬೀರುವಿನಂಥ ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಇದಕ್ಕೆ ರ‍್ಯಾಕ್ ಅಂತಾರೆ. ಹಳೆಯ ರೀತಿಯ ಒಂದು ರ‍್ಯಾಕ್‌ಗೆ 5ರಿಂದ 10 ಕಿಲೋವ್ಯಾಟ್ ಸಾಕಾಗುತ್ತಿತ್ತು. ಎನ್‌ವಿಡಿಯಾ ಕಂಪನಿಯ 72 ಎಐ ಚಿಪ್‌ಗಳನ್ನು ಕೂಡಿಸಿದ ಹೊಸ ರ‍್ಯಾಕ್‌ಗೆ ಸುಮಾರು 120 ಕಿಲೋವ್ಯಾಟ್ ಬೇಕು. ಜಾಗ ಹೆಚ್ಚುಕಡಿಮೆ ಅಷ್ಟೇ, ಕರೆಂಟ್ ಹನ್ನೆರಡು ಪಟ್ಟು ಅಥವಾ ಅದಕ್ಕೂ ಜಾಸ್ತಿ.

ಈ ಕರೆಂಟ್ ಚಿಪ್‌ಗೆ ಹೋಗಿ ಏನಾಗುತ್ತದೆ? ಲೆಕ್ಕಾಚಾರದ ಕೆಲಸ ಮಾಡಿ ಕೊನೆಗೆ ಪೂರ್ತಿ ಬಿಸಿಯಾಗಿ ಹೊರಬರುತ್ತದೆ. 120 ಕಿಲೋವ್ಯಾಟ್ ಅಂದರೆ, 2 ಕಿಲೋವ್ಯಾಟ್‌ನ 60 ಗೀಸರ್‌ಗಳನ್ನು ಒಂದೇ ಬೀರುವಿನೊಳಗೆ ತುರುಕಿ ಹಗಲೂ ರಾತ್ರಿ ಆರಿಸದೆ ಇಟ್ಟ ಹಾಗೆ. ಅಂಥ ಬೀರುಗಳು ಒಂದು ಕಟ್ಟಡದಲ್ಲಿ ನೂರಾರು ಇರುತ್ತವೆ. ಆ ಬಿಸಿಯನ್ನು ಕ್ಷಣಕ್ಷಣವೂ ಹೊರಗೆ ಹಾಕುತ್ತಲೇ ಇರಬೇಕು. ಇಲ್ಲದಿದ್ದರೆ ಚಿಪ್‌ಗಳು ನಿಮಿಷಗಳಲ್ಲಿ ಕೈಕೊಡುತ್ತವೆ.

ಹೀಗಾಗಿ ಡೇಟಾ ಸೆಂಟರ್‌ಗೆ ಎರಡು ಹಸಿವು. ಲೆಕ್ಕ ಮಾಡಲು ಕರೆಂಟ್, ತಣ್ಣಗಿರಲು ನೀರು ಅಥವಾ ಇನ್ನಷ್ಟು ಕರೆಂಟ್. ಈ 'ಅಥವಾ' ಎಂಬ ಒಂದು ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

100 ಮೆಗಾವ್ಯಾಟ್ ಅಂದರೆ ಎಷ್ಟು?

ಸುದ್ದಿಗಳಲ್ಲಿ '100 ಮೆಗಾವ್ಯಾಟ್ ಡೇಟಾ ಸೆಂಟರ್' ಎಂದು ಬರೆದಿರುತ್ತಾರೆ. ಓದಿ ಮುಂದೆ ಹೋಗುತ್ತೇವೆ. ಒಮ್ಮೆ ನಿಂತು ಲೆಕ್ಕ ಹಾಕೋಣ.

100 ಮೆಗಾವ್ಯಾಟ್ ಅಂದರೆ ಒಂದು ಗಂಟೆಗೆ ಒಂದು ಲಕ್ಷ ಯೂನಿಟ್. ದಿನಕ್ಕೆ 24 ಲಕ್ಷ ಯೂನಿಟ್. ತಿಂಗಳಿಗೆ 250 ಯೂನಿಟ್ ಬಳಸುವ ಮನೆ ಎಂದು ಹಿಡಿದರೆ ಸುಮಾರು 2.9 ಲಕ್ಷ ಮನೆಗಳ ಕರೆಂಟ್ ಇದು. ಈಗ ಘೋಷಣೆಯಾಗುತ್ತಿರುವ ದೊಡ್ಡ ಯೋಜನೆಗಳು 1,000 ಮೆಗಾವ್ಯಾಟ್ ಮತ್ತು ಅದಕ್ಕೂ ಮೇಲಿನವು. ಅಂದರೆ ಒಂದು ಮಹಾನಗರದಷ್ಟು ಬೇಡಿಕೆ ಒಂದೇ ಬೇಲಿಯ ಒಳಗೆ.

ಈಗ ನೀರು. ಬೆವರು ಆರಿದಾಗ ಮೈ ತಣ್ಣಗಾಗುತ್ತದಲ್ವಾ, ಅದೇ ಉಪಾಯವನ್ನು ಕೂಲಿಂಗ್ ಟವರ್‌ಗಳು ಬಳಸುತ್ತವೆ. ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಬಿಸಿ ಹೋಗುತ್ತದೆ. ಗಂಟೆಗೆ ಒಂದು ಲಕ್ಷ ಯೂನಿಟ್ ಬಿಸಿಯನ್ನು ಪೂರ್ತಿ ಹೀಗೇ ಕಳೆಯಬೇಕಾದರೆ ಗಂಟೆಗೆ ಒಂದೂವರೆ ಲಕ್ಷ ಲೀಟರ್ ಬೇಕು. ದಿನಕ್ಕೆ 36 ಲಕ್ಷ ಲೀಟರ್. ಅಷ್ಟಕ್ಕೇ ಮುಗಿಯುವುದಿಲ್ಲ. ನೀರು ಆವಿಯಾದಾಗ ಅದರಲ್ಲಿದ್ದ ಉಪ್ಪು ಟವರ್‌ನಲ್ಲೇ ಉಳಿಯುತ್ತದೆ. ಅದು ಜಾಸ್ತಿಯಾದರೆ ಪೈಪು ಕಟ್ಟಿಕೊಳ್ಳುತ್ತದೆ. ಹಾಗಾಗಿ ಉಪ್ಪು ನೀರನ್ನು ಆಗಾಗ ಹೊರಗೆ ಬಿಟ್ಟು ಹೊಸ ನೀರು ತುಂಬುತ್ತಾರೆ. ಎಲ್ಲ ಸೇರಿ ದಿನಕ್ಕೆ 45 ಲಕ್ಷ ಲೀಟರ್ ಹತ್ತಿರ ಬರುತ್ತದೆ. ಒಬ್ಬರಿಗೆ ದಿನಕ್ಕೆ 150 ಲೀಟರ್ ಎಂದರೆ 30,000 ಜನರ ನೀರು.

ವರ್ಷವಿಡೀ ಇಷ್ಟೇ ಬೇಕು ಎಂದಲ್ಲ. ಚಳಿಗಾಲದಲ್ಲಿ ಹೊರಗಿನ ಗಾಳಿಯೇ ತಣ್ಣಗಿರುತ್ತದೆ, ನೀರು ಬಹಳ ಕಡಿಮೆ ಸಾಕು. ಕಟ್ಟಡವೂ ಸದಾ ಪೂರ್ತಿ ಶಕ್ತಿಯಲ್ಲಿ ಓಡುವುದಿಲ್ಲ. ಹಾಗಾಗಿ ವರ್ಷದ ಸರಾಸರಿ ಚಿಕ್ಕದಾಗಿ ಕಾಣುತ್ತದೆ. ಆದರೆ ಬಿರುಬಿಸಿಲಿನ ದಿನ, ಕೆರೆ-ನದಿ ಇಳಿದಿರುವಾಗ, ಊರಿಗೂ ನೀರು ಜಾಸ್ತಿ ಬೇಕಿರುವಾಗ, ಅದೇ ದಿನ ಈ ಕಟ್ಟಡಕ್ಕೂ ಅತಿ ಹೆಚ್ಚು ನೀರು ಬೇಕು. ಕಂಪನಿ ಸರಾಸರಿ ಹೇಳುತ್ತದೆ, ನೀರು ಬಿಡುವವರು ಆ ಒಂದು ದಿನದ ಚಿಂತೆ ಮಾಡುತ್ತಾರೆ.

ಇನ್ನೊಂದು ವ್ಯತ್ಯಾಸವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮನೆಗಳಿಗೆ ಬಿಟ್ಟ ನೀರಿನ ದೊಡ್ಡ ಪಾಲು ಚರಂಡಿಗೆ ಬರುತ್ತದೆ. ಅದನ್ನು ಶುದ್ಧ ಮಾಡಿ ಮತ್ತೆ ಬಳಸಬಹುದು, ನದಿಗೆ ಬಿಡಬಹುದು. ಟವರ್‌ನಲ್ಲಿ ಆವಿಯಾದ ನೀರು ಗಾಳಿಗೆ ಹೋಯಿತು. ಎಲ್ಲೋ ಮಳೆಯಾಗಿ ಬೀಳುತ್ತದೆ ನಿಜ, ಆ ಊರಿನ ಕೊಳಾಯಿಗೆ ಮಾತ್ರ ವಾಪಸ್ ಬರುವುದಿಲ್ಲ. 100 ಲೀಟರ್ ಮನೆ ಬಳಕೆ ಮತ್ತು 100 ಲೀಟರ್ ಕೂಲಿಂಗ್ ಬಳಕೆ ಎರಡನ್ನೂ ಒಂದೇ ಎಂದು ಹೋಲಿಸುವುದು ಅದಕ್ಕೇ ಸರಿಯಲ್ಲ.

ನೀರು ಉಳಿಸಿದರೆ ಕರೆಂಟ್ ಏರುತ್ತದೆ

ಹಾಗಾದರೆ ನೀರೇ ಇಲ್ಲದೆ ತಣ್ಣಗೆ ಮಾಡಬಹುದಲ್ವಾ? ಮಾಡಬಹುದು. ಚಿಪ್‌ನ ಪಕ್ಕದಲ್ಲೇ ಮುಚ್ಚಿದ ಪೈಪಿನಲ್ಲಿ ದ್ರವ ಹರಿಸಿ, ಅದೇ ದ್ರವವನ್ನು ಮತ್ತೆ ಮತ್ತೆ ಸುತ್ತಿಸುವ ವಿಧಾನ ಈಗ ಬಳಕೆಗೆ ಬಂದಿದೆ. ಒಮ್ಮೆ ತುಂಬಿದರೆ ಸಾಕು. ಇಂಥ ವಿನ್ಯಾಸದಿಂದ ಒಂದು ಡೇಟಾ ಸೆಂಟರ್‌ನಲ್ಲಿ ವರ್ಷಕ್ಕೆ 12.5 ಕೋಟಿ ಲೀಟರ್‌ಗಿಂತ ಹೆಚ್ಚು ನೀರು ಉಳಿಯುತ್ತದೆ ಎಂದು ಮೈಕ್ರೋಸಾಫ್ಟ್ 2024ರಲ್ಲಿ ಹೇಳಿತು. ಒಳ್ಳೆಯ ಬೆಳವಣಿಗೆ ಇದು, ಅನುಮಾನ ಬೇಡ.

ಆದರೆ ಪೈಪಿನೊಳಗೆ ಸುತ್ತುವ ದ್ರವದ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಅದನ್ನು ಹೊರಗಿನ ಗಾಳಿಗೆ ತಳ್ಳಲು ದೊಡ್ಡ ಫ್ಯಾನ್‌ಗಳು, ಫ್ರಿಜ್ಜಿನಂತೆ ತಣ್ಣಗೆ ಮಾಡುವ ಚಿಲ್ಲರ್‌ಗಳು ಬೇಕು. ಅವಕ್ಕೆ ಕರೆಂಟ್ ಬೇಕು. ಹೊರಗೆ ಬಿಸಿಲು ಹೆಚ್ಚಿದಷ್ಟೂ ಅವು ಹೆಚ್ಚು ಕಷ್ಟಪಡಬೇಕು. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುವ ತಕ್ಕಡಿಯ ಹಾಗೆ. ಒಂದು ಕಡೆ ನೀರು, ಇನ್ನೊಂದು ಕಡೆ ಕರೆಂಟ್.

ಟೂಸಾನ್‌ನಲ್ಲಿ ಮುಂದೆ ಆಗಿದ್ದು ಇದೇ. ನಗರಸಭೆ ಬೇಡ ಎಂದ ಮೇಲೆ ಯೋಜನೆಯವರು ನಗರದ ನೀರು ಕೇಳುವುದನ್ನು ಬಿಟ್ಟು, ಗಾಳಿಯಿಂದ ತಣ್ಣಗೆ ಮಾಡುವ ವಿನ್ಯಾಸಕ್ಕೆ ಹೊರಳಿದರು. ಜನರ ವಾದವೂ ನೀರಿನಿಂದ ಕರೆಂಟಿಗೆ ಹೊರಳಿತು.

ಆ ಕರೆಂಟ್ ಎಲ್ಲಿಂದ ಬರುತ್ತದೆ ಎನ್ನುವುದೂ ನೀರಿನ ಪ್ರಶ್ನೆಯೇ. ಕಲ್ಲಿದ್ದಲು, ಅನಿಲ, ಅಣು ಸ್ಥಾವರಗಳು ತಮ್ಮನ್ನು ತಣ್ಣಗಿಟ್ಟುಕೊಳ್ಳಲು ನೀರು ಬಳಸುತ್ತವೆ. ಜಲವಿದ್ಯುತ್ತಿಗಾಗಿ ಕಟ್ಟಿದ ಜಲಾಶಯಗಳಿಂದಲೂ ನೀರು ಆವಿಯಾಗುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಲೆಕ್ಕದಂತೆ, 2023ರಲ್ಲಿ ಅಲ್ಲಿನ ಡೇಟಾ ಸೆಂಟರ್‌ಗಳು ನೇರವಾಗಿ ಬಳಸಿದ ನೀರು ಸುಮಾರು 6,600 ಕೋಟಿ ಲೀಟರ್. ಅವುಗಳಿಗೆ ಕರೆಂಟ್ ತಯಾರಿಸಲು ಬೇರೆ ಕಡೆ ಖರ್ಚಾಗಿದ್ದು ಸುಮಾರು 80,000 ಕೋಟಿ ಲೀಟರ್. ಹನ್ನೆರಡು ಪಟ್ಟು! 'ನಮ್ಮ ಕಟ್ಟಡದಲ್ಲಿ ನೀರೇ ಬಳಸುವುದಿಲ್ಲ' ಎಂಬ ಮಾತು ಆ ಕಟ್ಟಡದ ಮಟ್ಟಿಗೆ ನಿಜ. ಕರೆಂಟ್ ಸೌರ ಅಥವಾ ಗಾಳಿಯಿಂದ ಬಂದರೆ ಮಾತ್ರ ಅದು ಪೂರ್ತಿ ನಿಜಕ್ಕೆ ಹತ್ತಿರವಾಗುತ್ತದೆ.

ಲೋಕಕ್ಕೆ ಚೂರು, ಊರಿಗೆ ಬೆಟ್ಟ

ಡೇಟಾ ಸೆಂಟರ್ ಪರವಾಗಿ ಮಾತಾಡುವವರ ದೊಡ್ಡ ವಾದ, ಒಟ್ಟು ಲೆಕ್ಕದಲ್ಲಿ ಇದು ಚಿಕ್ಕದು ಎನ್ನುವುದು. ಅದು ಸುಳ್ಳಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಐಇಎ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳೆಲ್ಲ ಸೇರಿ ಬಳಸಿದ್ದು ಸುಮಾರು 415 ಟೆರಾವ್ಯಾಟ್-ಅವರ್, ಅಂದರೆ 41,500 ಕೋಟಿ ಯೂನಿಟ್. ಜಗತ್ತಿನ ಒಟ್ಟು ವಿದ್ಯುತ್ತಿನ ಶೇ 1.5. 2030ಕ್ಕೆ ಇದು ಎರಡು ಪಟ್ಟು ಮೀರಿ 945ರ ಹತ್ತಿರ ಹೋಗಬಹುದು ಎಂದು ಅದೇ ಸಂಸ್ಥೆಯ ಅಂದಾಜು. ಆಗಲೂ ಶೇ 3ರ ಒಳಗೇ. ನೀರಿನಲ್ಲೂ ಅಷ್ಟೇ, ಬೇಸಾಯಕ್ಕೆ ಹೋಗುವ ನೀರಿನ ಮುಂದೆ ಇದು ಏನೂ ಅಲ್ಲ.

ಆದರೆ ಡೇಟಾ ಸೆಂಟರ್‌ಗಳು ಜಗತ್ತಿನ ತುಂಬ ಸಮನಾಗಿ ಹರಡಿಲ್ಲ. ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಒಂದೇ ಕಡೆ ಬಂದು ಸೇರುತ್ತವೆ. ಕಾರಣಗಳು ಸರಳ. ಒಳ್ಳೆಯ ಫೈಬರ್ ಕೇಬಲ್ ಇರುವ ಜಾಗ ಬೇಕು. ದೊಡ್ಡ ಸಬ್‌ಸ್ಟೇಷನ್ ಹತ್ತಿರ ಇರಬೇಕು. ತೆರಿಗೆ ರಿಯಾಯಿತಿ ಬೇಕು. ಮೊದಲು ಬಂದವರ ಪಕ್ಕದಲ್ಲೇ ಇದ್ದರೆ ಅವರ ನೆಟ್‌ವರ್ಕ್‌ಗೆ ಬೇಗ ಸೇರಿಕೊಳ್ಳಬಹುದು.

ಹೀಗೆ ಗುಂಪುಗೂಡಿದ ಪರಿಣಾಮ ನೋಡಿ. ಐರ್ಲೆಂಡ್‌ನಲ್ಲಿ 2015ರಲ್ಲಿ ದೇಶದ ಕರೆಂಟಿನ ಶೇ 5ರಷ್ಟನ್ನು ಬಳಸುತ್ತಿದ್ದ ಡೇಟಾ ಸೆಂಟರ್‌ಗಳು 2024ರಲ್ಲಿ ಶೇ 22ಕ್ಕೆ ಮುಟ್ಟಿದವು. 2023ರಲ್ಲೇ ಅವು ಆ ದೇಶದ ಪಟ್ಟಣಗಳ ಎಲ್ಲ ಮನೆಗಳು ಸೇರಿ ಬಳಸಿದ್ದಕ್ಕಿಂತ ಹೆಚ್ಚು ಬಳಸಿದ್ದವು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಆ ವರ್ಷ ಒಟ್ಟು ವಿದ್ಯುತ್ತಿನ ಕಾಲು ಭಾಗ ಡೇಟಾ ಸೆಂಟರ್‌ಗಳಿಗೇ ಹೋಯಿತು. ಅಲ್ಲಿನ ಲೌಡನ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) ಒಂದು ಭಾಗಕ್ಕೆ 'ಡೇಟಾ ಸೆಂಟರ್ ಆಲಿ' ಎಂದೇ ಹೆಸರು ಬಿದ್ದಿದೆ.

ನೀರಿನ ವಿಷಯ ಇನ್ನೂ ಊರಿಂದ ಊರಿಗೆ ಬೇರೆ. ವರ್ಜೀನಿಯಾ ಶಾಸಕಾಂಗದ ಲೆಕ್ಕಪರಿಶೋಧನಾ ಸಮಿತಿ 2024ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಅಲ್ಲಿನ ಬಹುಪಾಲು ಡೇಟಾ ಸೆಂಟರ್‌ಗಳ ನೀರಿನ ಬಳಕೆ ಒಂದು ದೊಡ್ಡ ಕಚೇರಿ ಕಟ್ಟಡದಷ್ಟೇ ಅಥವಾ ಅದಕ್ಕಿಂತ ಕಡಿಮೆ. ಕೆಲವು ಮಾತ್ರ ಬಹಳ ಹೆಚ್ಚು ಬಳಸುತ್ತವೆ. ಹಾಗಾಗಿ ಎಲ್ಲ ಡೇಟಾ ಸೆಂಟರ್‌ಗಳೂ ಊರಿನ ಕೆರೆ ಬತ್ತಿಸುತ್ತವೆ ಎನ್ನುವುದು ತಪ್ಪು. ಯಾವುದೂ ಬತ್ತಿಸುವುದಿಲ್ಲ ಎನ್ನುವುದೂ ತಪ್ಪು. ಯಾವ ವಿಧಾನ, ಯಾವ ನೀರಿನ ಮೂಲ, ಯಾವ ಹವೆ ಎಂದು ಒಂದೊಂದನ್ನೂ ಬಿಡಿಯಾಗಿ ಕೇಳಬೇಕು. ಶುದ್ಧ ಮಾಡಿದ ಚರಂಡಿ ನೀರಿನಿಂದ ಕೆಲಸ ನಡೆಸುವ ಕೇಂದ್ರಕ್ಕೂ ಕುಡಿಯುವ ನೀರಿಗೆ ಕೈಹಾಕುವ ಕೇಂದ್ರಕ್ಕೂ ಬಹಳ ಅಂತರವಿದೆ.

ಮನೆಯ ಕರೆಂಟ್ ಬಿಲ್ ಏರುವುದು ಹೇಗೆ?

'ಕಂಪನಿ ತನ್ನ ಬಿಲ್ ತಾನು ಕಟ್ಟುತ್ತದೆ, ಪಕ್ಕದ ಮನೆಯವರ ಬಿಲ್ ಯಾಕೆ ಏರಬೇಕು?' ಇದು ತುಂಬ ಜನ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರ ಸ್ವಲ್ಪ ಸುತ್ತುಬಳಸಿನ ದಾರಿಯಲ್ಲಿದೆ.

ಡೇಟಾ ಸೆಂಟರ್ ಕಟ್ಟಲು ಎರಡು, ಮೂರು ವರ್ಷ ಸಾಕು. ಮುಂದುವರಿದ ದೇಶಗಳಲ್ಲಿ ಹೊಸ ಹೈ-ಟೆನ್ಷನ್ ಲೈನ್ ಎಳೆಯಲು 4ರಿಂದ 8 ವರ್ಷ ಬೇಕು ಎನ್ನುತ್ತದೆ ಐಇಎ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ, ಗ್ಯಾಸ್ ಟರ್ಬೈನ್‌ಗೆ ಆರ್ಡರ್ ಕೊಟ್ಟವರು ವರ್ಷಗಟ್ಟಲೆ ಕಾಯುತ್ತಿದ್ದಾರೆ. ಅಂದರೆ ಬೇಡಿಕೆ ಓಡಿ ಬರುತ್ತದೆ, ಪೂರೈಕೆ ನಡೆದು ಬರುತ್ತದೆ. ನಡುವಿನ ಆ ಕೆಲವು ವರ್ಷಗಳಲ್ಲಿ ಇರುವ ಕರೆಂಟಿಗೇ ಪೈಪೋಟಿ. ಪೈಪೋಟಿ ಇದ್ದಲ್ಲಿ ಬೆಲೆ ಏರುತ್ತದೆ, ಆ ಬೆಲೆ ಎಲ್ಲರಿಗೂ ಒಂದೇ.

ಇದು ಕಣ್ಣಿಗೆ ಕಂಡಿದ್ದು ಪಿಜೆಎಂ ಎಂಬ ಗ್ರಿಡ್‌ನಲ್ಲಿ. ಅಮೆರಿಕದ 13 ರಾಜ್ಯಗಳ ಪೂರ್ತಿ ಅಥವಾ ಕೆಲವು ಭಾಗ ಮತ್ತು ರಾಜಧಾನಿ ವಾಷಿಂಗ್ಟನ್‌ಗೆ ಕರೆಂಟ್ ಹಂಚುವ ವ್ಯವಸ್ಥೆ ಅದು. ಆರೂವರೆ ಕೋಟಿಗೂ ಹೆಚ್ಚು ಜನ ಅದರ ವ್ಯಾಪ್ತಿಯಲ್ಲಿದ್ದಾರೆ. ಅಲ್ಲಿ ಮುಂದಿನ ವರ್ಷಗಳಿಗೆ ಬೇಕಾದ ಉತ್ಪಾದನಾ ಸಾಮರ್ಥ್ಯವನ್ನು ಮೊದಲೇ ಹರಾಜಿನಲ್ಲಿ ಕಾಯ್ದಿರಿಸುತ್ತಾರೆ. ಅತಿ ಹೆಚ್ಚು ಬೇಡಿಕೆಯ ದಿನ ನಾನು ಕರೆಂಟ್ ಕೊಡಲು ತಯಾರಿರುತ್ತೇನೆ ಎಂದು ಸ್ಥಾವರಗಳು ಮಾತು ಕೊಡುತ್ತವೆ, ಅದಕ್ಕೆ ಹಣ ಪಡೆಯುತ್ತವೆ. 2024-25ರ ಸಾಲಿಗೆ ಈ ದರ ದಿನಕ್ಕೆ ಒಂದು ಮೆಗಾವ್ಯಾಟ್‌ಗೆ 28.92 ಡಾಲರ್ ಇತ್ತು. 2025-26ಕ್ಕೆ 269.92 ಡಾಲರ್ ಆಯಿತು. ಒಂದೇ ಸಲಕ್ಕೆ ಒಂಬತ್ತು ಪಟ್ಟು. 2026-27ಕ್ಕೆ 329.17ಕ್ಕೆ ಹೋಗಿ ನಿಂತಿತು. ನಿಂತಿದ್ದೂ ಯಾಕೆಂದರೆ ಅಷ್ಟರ ಮೇಲೆ ಹೋಗಬಾರದು ಎಂದು ಮಿತಿ ಹಾಕಿದ್ದರು.

2025-26ರ ಆ ಹರಾಜಿನ ಒಟ್ಟು ಮೊತ್ತ 1,470 ಕೋಟಿ ಡಾಲರ್. ಅದರಲ್ಲಿ ಸುಮಾರು 930 ಕೋಟಿ ಡಾಲರ್‌ಗೆ ಡೇಟಾ ಸೆಂಟರ್‌ಗಳ ಬೇಡಿಕೆಯೇ ಕಾರಣ ಎಂದು ಆ ಮಾರುಕಟ್ಟೆಯ ಸ್ವತಂತ್ರ ಮೇಲ್ವಿಚಾರಕರು ಲೆಕ್ಕ ಹಾಕಿದರು. ಇದರಲ್ಲಿ ಈಗ ಇರುವ ಕೇಂದ್ರಗಳ ಜೊತೆಗೆ ಮುಂದೆ ಬರುತ್ತವೆ ಎಂದು ಅಂದಾಜಿಸಿದ ಕೇಂದ್ರಗಳೂ ಸೇರಿವೆ. ಹಳೆಯ ಸ್ಥಾವರಗಳು ಮುಚ್ಚಿದ್ದು, ಲೆಕ್ಕದ ನಿಯಮ ಬದಲಾಗಿದ್ದು ಕೂಡ ಬೆಲೆ ಏರಲು ಕಾರಣ. ಆದರೂ ದೊಡ್ಡ ಪಾಲು ಯಾವುದು ಎನ್ನುವುದು ಸ್ಪಷ್ಟ. ಇನ್ನೂ ತಲೆ ಎತ್ತದ ಕಟ್ಟಡದ ಹೆಸರಿನಲ್ಲಿ ಮನೆಗಳ ಬಿಲ್ ಇವತ್ತೇ ಏರುತ್ತದೆ. ಜನ ಸಿಟ್ಟಾಗುವುದರಲ್ಲಿ ತಪ್ಪೇನಿದೆ?

ಇದಕ್ಕೆ ಎದುರಾದ ವಾದವೂ ಇದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಲೈನ್, ಸಬ್‌ಸ್ಟೇಷನ್, ಸಿಬ್ಬಂದಿ ಇವೆಲ್ಲ ಖಾಯಂ ಖರ್ಚು. ಹೆಚ್ಚು ಯೂನಿಟ್ ಮಾರಾಟವಾದರೆ ಆ ಖರ್ಚು ಹೆಚ್ಚು ಯೂನಿಟ್‌ಗಳಿಗೆ ಹಂಚಿಹೋಗುತ್ತದೆ, ಪ್ರತಿ ಯೂನಿಟ್‌ನ ದರ ಇಳಿಯಬೇಕು. ಇದು ಬರೀ ಊಹೆಯಲ್ಲ. ಬರ್ಕ್ಲಿ ಪ್ರಯೋಗಾಲಯ ಮತ್ತು ಬ್ರಾಟಲ್ ಎಂಬ ಸಲಹಾ ಸಂಸ್ಥೆ 2025ರಲ್ಲಿ ಹೊರತಂದ ಅಧ್ಯಯನದಲ್ಲಿ, 2019ರಿಂದ 2024ರ ನಡುವೆ ಬೇಡಿಕೆ ಹೆಚ್ಚಿದ ಅಮೆರಿಕದ ರಾಜ್ಯಗಳಲ್ಲಿ ಸರಾಸರಿ ದರದ ಮೇಲಿನ ಒತ್ತಡ ಕಡಿಮೆಯಾಗಿದ್ದು ಕಂಡಿತು.

ಹಾಗಾದರೆ ಯಾವುದು ಸರಿ? ಗ್ರಿಡ್‌ನಲ್ಲಿ ಮೊದಲೇ ಬಳಕೆಯಾಗದ ಸಾಮರ್ಥ್ಯ ಉಳಿದಿದ್ದರೆ ಹೊಸ ಗ್ರಾಹಕ ಬಂದಾಗ ಎಲ್ಲರಿಗೂ ಲಾಭ. ಆ ಉಳಿಕೆ ಮುಗಿದು, ಹೊಸ ಸ್ಥಾವರ, ಹೊಸ ಲೈನ್ ಕಟ್ಟಲೇಬೇಕಾದ ಹಂತಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಆಗ ಕಟ್ಟಿದ ಖರ್ಚನ್ನು ಯಾರ ತಲೆಗೆ ಹಾಕುತ್ತಾರೆ ಎನ್ನುವುದೇ ಮುಖ್ಯ. ಖಾಲಿ ಬಸ್ಸಿಗೆ ಹತ್ತು ಜನ ಹತ್ತಿದರೆ ಎಲ್ಲರ ಪಾಲಿನ ಖರ್ಚು ಇಳಿಯುತ್ತದೆ. ತುಂಬಿದ ಬಸ್ಸಿಗೆ ಇನ್ನೂ ಹತ್ತು ಜನ ಬಂದರೆ ಇನ್ನೊಂದು ಬಸ್ಸನ್ನೇ ಕೊಳ್ಳಬೇಕು.

ಒಂದೇ ಕ್ಷಣದಲ್ಲಿ 60 ಕೇಂದ್ರಗಳು

ಪ್ರಮಾಣದ ಜೊತೆಗೆ ವರ್ತನೆಯ ಸಮಸ್ಯೆಯೂ ಇದೆ. 2024ರ ಜುಲೈ 10ರ ಸಂಜೆ ಉತ್ತರ ವರ್ಜೀನಿಯಾದಲ್ಲಿ 230 ಕಿಲೋವೋಲ್ಟ್ ಲೈನ್ ಒಂದರಲ್ಲಿ ದೋಷ ಕಾಣಿಸಿತು. ಲೈನ್ ತಾನಾಗಿ ಆಫ್ ಆಗಿ, ಮತ್ತೆ ಆನ್ ಆಗಲು ಹಲವು ಸಲ ಪ್ರಯತ್ನಿಸಿತು. ಪ್ರತಿ ಸಲವೂ ವೋಲ್ಟೇಜ್ ಕ್ಷಣಕಾಲ ಕುಸಿಯಿತು. ಡೇಟಾ ಸೆಂಟರ್‌ಗಳ ಯುಪಿಎಸ್‌ಗಳಲ್ಲಿ ಒಂದು ನಿಯಮ ಇರುತ್ತದೆ: ಒಂದು ನಿಮಿಷದಲ್ಲಿ ಮೂರು ಸಲ ವೋಲ್ಟೇಜ್ ಕುಸಿದರೆ ಗ್ರಿಡ್ ಬಿಟ್ಟು ಸ್ವಂತ ಕರೆಂಟಿಗೆ ಹೋಗು. ಎಲ್ಲರ ನಿಯಮವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸುಮಾರು 60 ಡೇಟಾ ಸೆಂಟರ್‌ಗಳು ಬಹುತೇಕ ಒಟ್ಟಿಗೇ ಗ್ರಿಡ್‌ನಿಂದ ಕಳಚಿಕೊಂಡವು. 1,500 ಮೆಗಾವ್ಯಾಟ್ ಬೇಡಿಕೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯ.

ಬೇಡಿಕೆ ಕಡಿಮೆ ಆದರೆ ಒಳ್ಳೆಯದಲ್ವಾ ಎನಿಸಬಹುದು. ಇಲ್ಲ. ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣ ಸಮನಾಗಿರಬೇಕು. ಒಂದು ಸ್ಥಾವರ ಹಠಾತ್ ನಿಂತರೆ ಏನು ಮಾಡಬೇಕು ಎಂಬುದಕ್ಕೆ ದಶಕಗಳ ತಯಾರಿ ಇದೆ. ಇಷ್ಟು ದೊಡ್ಡ ಬಳಕೆ ಹಠಾತ್ ಮಾಯವಾಗುವುದು ಹೊಸ ಅನುಭವ. ವೋಲ್ಟೇಜ್ ಮೇಲೇರಿತು, ಸಿಬ್ಬಂದಿ ಅದನ್ನು ಇಳಿಸಿ ಸರಿಪಡಿಸಿದರು. ಅವತ್ತು ದೊಡ್ಡ ಅನಾಹುತ ಆಗಲಿಲ್ಲ. ಆದರೆ ಉತ್ತರ ಅಮೆರಿಕದ ಗ್ರಿಡ್ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ನೆರ್ಕ್ ಈ ಘಟನೆಯನ್ನು ಬಿಡಿಸಿ ನೋಡಿ, ಇಂಥ ಬಳಕೆದಾರರಿಗೆ ಹೊಸ ನಿಯಮ ಬೇಕಾದೀತು ಎಂಬ ಚರ್ಚೆ ಶುರುಮಾಡಿತು.

ಊರಿಗೆ ಸಿಗುವುದೇನು?

ವಿರೋಧ ಇದ್ದರೂ ಊರುಗಳು ಇವನ್ನು ಕರೆಯುವುದು ಯಾಕೆ? ಮುಖ್ಯವಾಗಿ ತೆರಿಗೆ. ಲೌಡನ್ ಕೌಂಟಿಗೆ ಡೇಟಾ ಸೆಂಟರ್‌ಗಳಿಂದ ಬರುವ ಆದಾಯ ಎಷ್ಟು ದೊಡ್ಡದೆಂದರೆ ಅಲ್ಲಿನ ಶಾಲೆ, ರಸ್ತೆಗಳ ಖರ್ಚಿಗೆ ಅದು ಆಧಾರ. ಮಕ್ಕಳನ್ನು ಶಾಲೆಗೆ ಕಳಿಸದ, ರಸ್ತೆಯಲ್ಲಿ ದಟ್ಟಣೆ ಮಾಡದ ತೆರಿಗೆದಾರ ಯಾವ ಊರಿಗೆ ಬೇಡ? ಇನ್ನೊಂದು ಕಡೆ, ಇವನ್ನು ಸೆಳೆಯಲು ವರ್ಜೀನಿಯಾ ರಾಜ್ಯ 2023ರ ಹಣಕಾಸು ವರ್ಷದಲ್ಲಿ ಬಿಟ್ಟುಕೊಟ್ಟ ಮಾರಾಟ ತೆರಿಗೆ 92.8 ಕೋಟಿ ಡಾಲರ್. ಕೌಂಟಿಗೆ ಲಾಭ, ರಾಜ್ಯಕ್ಕೆ ಖೋತಾ.

ಉದ್ಯೋಗದ ಮಾತು ಬೇರೆ. ಕಟ್ಟುವಾಗ ಸಾವಿರಾರು ಜನಕ್ಕೆ ಕೆಲಸ ಸಿಗುತ್ತದೆ. ಕಟ್ಟಿ ಮುಗಿದ ಮೇಲೆ ಉಳಿಯುವವರು ಕೆಲವೇ ಡಜನ್ನಿಂದ ಕೆಲವು ನೂರು. ಇಷ್ಟೇ ಕರೆಂಟ್, ನೀರು ಬಳಸುವ ಕಾರ್ಖಾನೆಯ ಜೊತೆ ಹೋಲಿಸಿದರೆ ಇದು ಬಹಳ ಕಡಿಮೆ.

ಕಾಗದದ ಮೇಲಿನ ಬೇಡಿಕೆ

ಈಗ ಸರ್ಕಾರಗಳು ಹುಡುಕುತ್ತಿರುವ ಪರಿಹಾರಗಳಿಗೆ ಬರೋಣ. ಇವುಗಳಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಅಮೆರಿಕದ ಒಹಾಯೊ ರಾಜ್ಯದ್ದು.

ಒಂದೇ ಕಂಪನಿ ನಾಲ್ಕೈದು ರಾಜ್ಯಗಳಲ್ಲಿ ಕರೆಂಟ್ ಕನೆಕ್ಷನ್‌ಗೆ ಅರ್ಜಿ ಹಾಕಿ, ಕೊನೆಗೆ ಎಲ್ಲಿ ಬೇಗ ಸಿಗುತ್ತದೋ ಅಲ್ಲಿ ಕಟ್ಟುತ್ತದೆ. ಉಳಿದ ಅರ್ಜಿಗಳು ಹಾಗೇ ಬಿದ್ದಿರುತ್ತವೆ. ವಿದ್ಯುತ್ ಕಂಪನಿ ಅವನ್ನೆಲ್ಲ ನಿಜ ಎಂದು ನಂಬಿ ಲೈನ್ ಎಳೆದರೆ, ಡೇಟಾ ಸೆಂಟರ್ ಬರದಿದ್ದಾಗ ಆ ಖರ್ಚು ಉಳಿದ ಗ್ರಾಹಕರ ಮೇಲೆ. ಇದನ್ನು ತಡೆಯಲು ಒಹಾಯೊ ರಾಜ್ಯದ ನಿಯಂತ್ರಣ ಆಯೋಗ 2025ರ ಜುಲೈನಲ್ಲಿ ಎಇಪಿ ಒಹಾಯೊ ಎಂಬ ವಿದ್ಯುತ್ ಕಂಪನಿಗೆ ಹೊಸ ದರಪಟ್ಟಿ ಒಪ್ಪಿತು. ದೊಡ್ಡ ಹೊಸ ಡೇಟಾ ಸೆಂಟರ್‌ಗಳು ತಾವು ಕೇಳಿದ ಕರೆಂಟಿನಲ್ಲಿ ಕನಿಷ್ಠ ಶೇ 85ಕ್ಕೆ, ಬಳಸಲಿ ಬಿಡಲಿ, ಹಣ ಕಟ್ಟಲೇಬೇಕು. ಅವಧಿ 12 ವರ್ಷದವರೆಗೆ.

ನಿಯಮ ಬಂದ ಮೇಲೆ ಏನಾಯಿತು ಗೊತ್ತಾ? ಅಲ್ಲಿಯವರೆಗೆ 30,000 ಮೆಗಾವ್ಯಾಟ್ ಇದ್ದ ಬೇಡಿಕೆಯ ಪಟ್ಟಿ 13,000 ಮೆಗಾವ್ಯಾಟ್‌ಗೆ ಇಳಿಯಿತು. ಒಂದು ಇಟ್ಟಿಗೆ ಕೆಡವದೆ, ಯಾರನ್ನೂ ನಿಷೇಧಿಸದೆ, 17,000 ಮೆಗಾವ್ಯಾಟ್ ಕರಗಿಹೋಯಿತು. ಹಿಂದಿನ ಪಟ್ಟಿಯನ್ನೇ ನಂಬಿ ಸ್ಥಾವರ ಕಟ್ಟಿದ್ದರೆ ಅದರ ಸಾಲ ಯಾರು ತೀರಿಸಬೇಕಿತ್ತು ಎಂದು ಯೋಚಿಸಿ.

ಬೇರೆ ದಾರಿಗಳೂ ಇವೆ. ಟೆಕ್ಸಸ್ 2025ರ ಕಾನೂನಿನಲ್ಲಿ, 75 ಮೆಗಾವ್ಯಾಟ್‌ಗಿಂತ ದೊಡ್ಡ ಹೊಸ ಬಳಕೆದಾರರನ್ನು ಗ್ರಿಡ್ ಸಂಕಟದಲ್ಲಿದ್ದಾಗ ಕಡಿತಗೊಳಿಸಲು ದಾರಿ ಮಾಡಿತು. ಲೋಡ್‌ಶೆಡ್ಡಿಂಗ್ ಮಾಡಲೇಬೇಕಾಗಿ ಬಂದರೆ ಮೊದಲು ಮನೆಗಳಿಗೆ ಆಗಬಾರದು ಎಂಬ ಆಲೋಚನೆ ಅದರ ಹಿಂದಿದೆ. ಸಿಂಗಪುರ 2019ರಲ್ಲಿ ಹೊಸ ಡೇಟಾ ಸೆಂಟರ್‌ಗಳನ್ನು ನಿಲ್ಲಿಸಿ, 2022ರಲ್ಲಿ ಷರತ್ತಿನ ಮೇಲೆ ಮತ್ತೆ ಬಾಗಿಲು ತೆರೆಯಿತು. ಕಂಪ್ಯೂಟರ್‌ಗಳಿಗೆ ಒಂದು ಯೂನಿಟ್ ಬಳಸಿದರೆ ತಣ್ಣಗಿಡಲು ಮತ್ತು ಇತರ ಕೆಲಸಕ್ಕೆ 0.3 ಯೂನಿಟ್‌ಗಿಂತ ಹೆಚ್ಚು ಬಳಸಬಾರದು ಎನ್ನುವುದು ಒಂದು ಷರತ್ತು.

ಐರ್ಲೆಂಡ್‌ನ ಗ್ರಿಡ್ ಸಂಸ್ಥೆ ಡಬ್ಲಿನ್ ಸುತ್ತ ಹೊಸ ಕನೆಕ್ಷನ್ ಕೊಡುವುದನ್ನು 2028ರವರೆಗೆ ಹೆಚ್ಚುಕಡಿಮೆ ನಿಲ್ಲಿಸಿತು. ಆಗ ಕೆಲವು ಕಂಪನಿಗಳು ಗ್ಯಾಸ್ ಪೈಪಿನ ಕನೆಕ್ಷನ್ ಪಡೆದು ತಾವೇ ಕರೆಂಟ್ ಮಾಡಿಕೊಳ್ಳಲು ಹೊರಟವು. ಅಮೆರಿಕದ ಮೆಂಫಿಸ್‌ನಲ್ಲೂ ಎಕ್ಸ್‌ಎಐ ಕಂಪನಿ ಗ್ರಿಡ್‌ನ ಪೂರ್ತಿ ಕರೆಂಟಿಗೆ ಕಾಯದೆ ಗ್ಯಾಸ್ ಟರ್ಬೈನ್‌ಗಳನ್ನು ತಂದು ನಿಲ್ಲಿಸಿತು. 2025ರ ಜುಲೈನಲ್ಲಿ ಅಲ್ಲಿನ ಆರೋಗ್ಯ ಇಲಾಖೆ 15 ಟರ್ಬೈನ್‌ಗಳಿಗೆ ಪರವಾನಗಿ ಕೊಟ್ಟಿತು. ಗ್ರಿಡ್‌ನ ಭಾರ ಇಳಿಯಿತು, ಹೊಗೆಯ ಚಿಂತೆ ಅಕ್ಕಪಕ್ಕದ ಬಡಾವಣೆಗಳಿಗೆ ಬಂತು. ಒಂದು ಕಡೆ ಬಾಗಿಲು ಹಾಕಿದರೆ ಸಮಸ್ಯೆ ಇನ್ನೊಂದು ಬಾಗಿಲಿಂದ ಬರುತ್ತದೆ. ಹಾಗಾಗಿ ಕರೆಂಟ್, ನೀರು, ಗಾಳಿ ಮೂರನ್ನೂ ಒಟ್ಟಿಗೆ ನೋಡದ ನಿಯಮದಿಂದ ಪ್ರಯೋಜನ ಕಡಿಮೆ.

ಲೆಕ್ಕ ಯಾವಾಗ ಹೊರಬರುತ್ತದೆ?

ಇಷ್ಟೆಲ್ಲ ತೂಗಿ ನೋಡಬೇಕಾದರೆ ಊರಿನವರ ಕೈಯಲ್ಲಿ ಮೊದಲು ಅಂಕಿಗಳಿರಬೇಕು. ಬಿರುಬೇಸಿಗೆಯ ಒಂದು ದಿನಕ್ಕೆ ಎಷ್ಟು ನೀರು, ಯಾವ ಮೂಲದ್ದು, ಅತಿ ಹೆಚ್ಚಿನ ಕರೆಂಟ್ ಬೇಡಿಕೆ ಎಷ್ಟು, ಹೊಸ ಲೈನ್‌ನ ಖರ್ಚು ಯಾರದು. ಎಷ್ಟೋ ಕಡೆ ಕಂಪನಿಗಳು ಸ್ಥಳೀಯ ಆಡಳಿತದ ಜೊತೆ ಗೋಪ್ಯತಾ ಒಪ್ಪಂದ ಮಾಡಿಕೊಂಡಿರುತ್ತವೆ. ಕೆಲವು ಸಲ ಬರುತ್ತಿರುವ ಕಂಪನಿ ಯಾವುದು ಎನ್ನುವುದೂ ಜನರಿಗೆ ತಿಳಿಯುವುದಿಲ್ಲ. ಪೈಪೋಟಿಯವರಿಗೆ ನಮ್ಮ ಸಾಮರ್ಥ್ಯ ತಿಳಿಯಬಾರದು ಎಂಬುದು ಕಂಪನಿಗಳ ಕಾರಣ. ಆದರೆ ನೀರು ಊರಿನದ್ದು. ಅದರ ಲೆಕ್ಕ ವ್ಯಾಪಾರದ ಗುಟ್ಟು ಆಗುವುದು ಹೇಗೆ?

ಅಮೆರಿಕದ ಒರೆಗಾನ್ ರಾಜ್ಯದ ದಿ ಡಾಲ್ಸ್ ಎಂಬುದು ಕೊಲಂಬಿಯಾ ನದಿ ದಂಡೆಯ ಪುಟ್ಟ ಊರು. ಸುಮಾರು 16,000 ಜನ. ಅಲ್ಲಿ ಗೂಗಲ್‌ನ ಡೇಟಾ ಸೆಂಟರ್‌ಗಳಿವೆ. ಅವು ಎಷ್ಟು ನೀರು ಬಳಸುತ್ತವೆ ಎಂದು ಒಂದು ಪತ್ರಿಕೆ ಕೇಳಿದಾಗ ಲೆಕ್ಕ ಕೊಡಲಾಗದು ಎಂದು ನಗರಾಡಳಿತವೇ ಕೋರ್ಟಿಗೆ ಹೋಯಿತು. ಒಂದು ವರ್ಷಕ್ಕೂ ಮೇಲೆ ನಡೆದ ಆ ಜಗಳ 2022ರ ಡಿಸೆಂಬರ್‌ನಲ್ಲಿ ರಾಜಿಯಲ್ಲಿ ಮುಗಿದು ದಾಖಲೆ ಹೊರಬಂತು. 2021ರಲ್ಲಿ ಊರಿನ ಒಟ್ಟು ನೀರಿನ ಕಾಲು ಭಾಗಕ್ಕಿಂತ ಹೆಚ್ಚು ಆ ಕೇಂದ್ರಗಳಿಗೆ ಹೋಗಿತ್ತು. ಐದು ವರ್ಷದಲ್ಲಿ ಬಳಕೆ ಹತ್ತಿರ ಹತ್ತಿರ ಮೂರು ಪಟ್ಟಾಗಿತ್ತು. ಊರಿನ ನೀರಿನ ವ್ಯವಸ್ಥೆ ಹಿಗ್ಗಿಸಲು 2.85 ಕೋಟಿ ಡಾಲರ್ ಕೊಡಲು ಗೂಗಲ್ ಆ ಹೊತ್ತಿಗೆ ಒಪ್ಪಿತ್ತು, ಅದನ್ನೂ ಹೇಳಬೇಕು. ಆದರೆ ಲೆಕ್ಕ ಜನರ ಕೈಗೆ ಬಂದಾಗ ಕಟ್ಟಡಗಳು ಎಂದೋ ಎದ್ದು ನಿಂತಿದ್ದವು.

ಉರುಗ್ವೆಯಲ್ಲಿ ಕ್ರಮ ತಿರುಗುಮುರುಗಾಯಿತು. 2023ರಲ್ಲಿ ಆ ದೇಶ ಭೀಕರ ಬರದಲ್ಲಿತ್ತು. ರಾಜಧಾನಿ ಮಾಂಟೆವಿಡಿಯೊದ ನಲ್ಲಿಗಳಲ್ಲಿ ಉಪ್ಪು ನೀರು ಬರುತ್ತಿತ್ತು. ಅಲ್ಲಿಗೆ ಹತ್ತಿರದ ಕನೆಲೋನೆಸ್‌ನಲ್ಲಿ ಗೂಗಲ್ ಕಟ್ಟಲು ಹೊರಟಿದ್ದ ಕೇಂದ್ರದ ನೀರಿನ ಲೆಕ್ಕವನ್ನು ಸರ್ಕಾರ ಕೊಡಲಿಲ್ಲ. ಒಬ್ಬ ಸಂಶೋಧಕರು ಕೋರ್ಟಿಗೆ ಹೋಗಿ ಅದನ್ನು ಹೊರತೆಗೆಸಿದರು: ದಿನಕ್ಕೆ 76 ಲಕ್ಷ ಲೀಟರ್. ಇನ್ನೂ ಅಲ್ಲಿ ಕಟ್ಟಡ ಎದ್ದಿರಲಿಲ್ಲ. ಗದ್ದಲ ಎದ್ದಿತು. ನೀರಿನ ಬದಲು ಗಾಳಿಯಿಂದ ತಣ್ಣಗೆ ಮಾಡುವ ವಿನ್ಯಾಸದೊಂದಿಗೆ, ಗಾತ್ರವನ್ನೂ ಇಳಿಸಿ, ಕಂಪನಿ ಮತ್ತೆ ಅರ್ಜಿ ಹಾಕಿತು. 2024ರಲ್ಲಿ ಕಟ್ಟಲು ಶುರುವಾಗಿದ್ದು ಆ ಬದಲಾದ ನಕ್ಷೆಯ ಪ್ರಕಾರ.